ದಡದಲ್ಲಿ ನಿಂತು ಕೇಳಬೇಕಾದ ಮೂರು ಮಾತು

ದಾಂಡೇಲಿಯಲ್ಲಿ ಕುಳಿತು ಹಡಗಿನ ಮಾತನ್ನೆತ್ತಿದರೆ ವಾಚಕರು ನಕ್ಕಾರು. ನಮ್ಮ ಸುತ್ತಲೂ ಇರುವುದು ಸಾಗುವಾನಿ, ಮತ್ತಿ, ಬಿದಿರುಗಳ ಕಾಡು. ಕಡಲ ಗಾಳಿಯು ಘಟ್ಟವನ್ನೇರಿ ಇಲ್ಲಿಗೆ ಬರುವುದರೊಳಗಾಗಿ ತನ್ನ ಉಪ್ಪನ್ನೆಲ್ಲ ಕಳೆದುಕೊಂಡಿರುತ್ತದೆ. ಆದರೂ ಈ ಊರಿಗೂ ಕಡಲಿಗೂ ನಂಟಿಲ್ಲವೆಂದು ಹೇಳುವಂತಿಲ್ಲ. ನಮ್ಮೂರನ್ನು ಸೋಂಕಿ ಹರಿಯುವ ಕಾಳೀನದಿಯು ಜೋಯಿಡಾ ತಾಲೂಕಿನ ದಿಗ್ಗಿಯ ಬಳಿ ಹುಟ್ಟಿ, ಸುಮಾರು ೧೮೪ ಕಿಲೋಮೀಟರು ನಡೆದು, ಕಾರವಾರದ ಹತ್ತಿರ ಸಮುದ್ರವನ್ನು ಸೇರುವುದು. ಹಿಂದಿನ ಕಾಲದಲ್ಲಿ ಈ ಕೊಳ್ಳದ ಸಾಗುವಾನಿಯು ಇದೇ ನೀರಿನ ದಾರಿ ಹಿಡಿದು ಕಡಲಿಗೆ ಇಳಿಯುತ್ತಿದ್ದಿತು. ಕರಾವಳಿಯಲ್ಲಿ ದೋಣಿಯ ಮುಖ್ಯಸ್ಥನಿಗೆ ‘ತಾಂಡೇಲ’ನೆಂದು ಹೆಸರು. ತಾಂಡೇಲನಿಗೂ ದಾಂಡೇಲಿಗೂ ಎಷ್ಟು ಅಂತರವೆಂದು ನಮ್ಮ ಮನೆಯ ಮಕ್ಕಳು ವಿನೋದ ಮಾಡುವುದುಂಟು. ಈ ಸಲ ಆ ವಿನೋದವು ನಿಜವಾಗುವ ಪ್ರಸಂಗವೊಂದು ಒದಗಿತು.

ನಮ್ಮ ನೆರೆಮನೆಯಲ್ಲಿ ಒಬ್ಬ ತಾಯಿಯೂ ಅವಳ ಒಬ್ಬನೇ ಮಗನೂ ಇರುವರು. ಯಜಮಾನನು ತೀರಿಕೊಂಡು ಎಂಟು ವರುಷಗಳಾದುವು. ತಾಯಿಯು ಹೊಲಿಗೆಯ ಯಂತ್ರವೊಂದನ್ನು ನಂಬಿ ಮಗನನ್ನು ಹನ್ನೆರಡನೆಯ ತರಗತಿಯವರೆಗೆ ಓದಿಸಿದಳು. ಹುಡುಗನು ಜಾಣ, ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಗುಣಗಳನ್ನು ಪಡೆದು ತೇರ್ಗಡೆಯಾದನು. ಅವನಿಗೆ ಹಡಗಿನ ಕೆಲಸಕ್ಕೆ ಹೋಗಬೇಕೆಂಬ ಹಂಬಲ. ಅದನ್ನರಿತ ದಲ್ಲಾಳಿಯೊಬ್ಬನು ದೂರದ ಪಟ್ಟಣದಿಂದ ಫೋನಿನಲ್ಲಿಯೇ ಇವರನ್ನು ಹಿಡಿದನು. ಆರು ಲಕ್ಷ ರೂಪಾಯಿ ಕೊಟ್ಟರೆ ಮೂರು ತಿಂಗಳೊಳಗಾಗಿ ಹಡಗು ಹತ್ತಿಸುವೆನೆಂದೂ, ಮೊದಲ ವರುಷದಲ್ಲಿಯೇ ಹಣವೆಲ್ಲ ತಿರುಗಿ ಬರುವುದೆಂದೂ ಅವನ ಮಾತು. ಮುಂಗಡವೆಂದು ಐವತ್ತು ಸಾವಿರ ಆಗಲೇ ಸಂದಾಯವಾಗಿದ್ದಿತು. ಉಳಿದುದನ್ನು ಹದಿನೈದು ದಿನಗಳಲ್ಲಿ ಕಟ್ಟಬೇಕು. ಗಂಡನು ಬಿಟ್ಟುಹೋದ ನಾಲ್ಕು ಗುಂಟೆ ಜಾಗೆಯ ಹೊರತು ಆ ತಾಯಿಗೆ ಬೇರೆ ಆಸ್ತಿಯಿಲ್ಲ.

ಒಂದು ಸಂಜೆ ಅವಳು ನಮ್ಮಲ್ಲಿಗೆ ಬಂದು, “ಅಣ್ಣಾವರೆ, ಜಾಗೆಯ ಕಾಗದಪತ್ರ ತಂದೇನೆ. ಮಾರಲೋ ಬೇಡವೋ ನೀವು ಒಂದು ಮಾತು ಹೇಳಿರಿ. ಹಡಗೆಂದರೆ ನನಗೆ ಭಯ. ಬೇಡವೆಂದರೆ ಹುಡುಗ ಊಟ ಬಿಡುತ್ತಾನೆ” ಎಂದಳು.

ನಾವು ಒಡನೆಯೇ ಏನನ್ನೂ ಹೇಳಲಾರದೆ ಹೋದೆವು. ಬೇಡವೆನ್ನುವುದು ಸುಲಭ; ಆದರೆ ನಾವು ಕಾಣದುದಕ್ಕೆ ಹೆದರಿ ಬೇಡವೆಂದರೆ ಅದು ಬುದ್ಧಿವಾದವಾಗದು. ಆಗಲೆನ್ನುವುದೂ ಸುಲಭ; ಆದರೆ ಮಾರಿದ ಜಾಗೆ ತಿರುಗಿ ಬಾರದು. ನಮ್ಮ ಮನೆಯವರು ಒಂದು ಉಪಾಯ ಸೂಚಿಸಿದರು: “ಹೇಗೂ ಬರುವ ಭಾನುವಾರ ಕಾರವಾರಕ್ಕೆ ಹೋಗುವುದಿದೆ. ಅವರಿಬ್ಬರನ್ನೂ ಕರೆದುಕೊಂಡು ಹೋಗೋಣ. ಹಡಗನ್ನು ಒಮ್ಮೆ ಕಣ್ಣಾರೆ ನೋಡಲಿ. ಆಮೇಲೆ ಮಾತು.” ನಮಗೂ ಅದೇ ಸರಿಯೆನಿಸಿತು.

ದಾಂಡೇಲಿಯಿಂದ ಜೋಯಿಡಾ, ಅಣಶಿ, ಕದ್ರಾಗಳ ಮೇಲೆ ಹಾಯ್ದು ಕಾರವಾರಕ್ಕೆ ಹೋಗುವ ದಾರಿಯು ಸುಮಾರು ನೂರು ಕಿಲೋಮೀಟರು. ಹುಟ್ಟಿದೂರಿನ ನದಿಯು ಕೆಳಗೆ ಏನಾಗುತ್ತದೆಂಬುದನ್ನು ನೋಡಬೇಕೆನ್ನುವವರು ಈ ದಾರಿಯಲ್ಲಿ ಒಮ್ಮೆಯಾದರೂ ಹೋಗಬೇಕು. ನಮ್ಮೂರಿನ ಮೇಲ್ಗಡೆ ಸೂಪಾದಲ್ಲಿ ೧೦೧ ಮೀಟರು ಎತ್ತರದ ಅಣೆಕಟ್ಟು. ಹಳೆಯ ಸೂಪಾ ಊರೇ ಅದರ ನೀರಿನಲ್ಲಿ ಮುಳುಗಿದೆ. ಕೆಳಗಡೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಇನ್ನೂ ಮೂರು ಕಟ್ಟೆಗಳು. ಮೊದಲು ಕದ್ರಾದವರೆಗೆ ಕಡಲಿನಿಂದ ದೋಣಿಗಳು ಏರಿಬರುತ್ತಿದ್ದುವು. ಕದ್ರಾ ದಾಟಿದ ಮೇಲೆ ನದಿಯ ಸ್ವಭಾವವೇ ಬೇರೆಯಾಗುತ್ತದೆ. ಬಂಡೆಗಳ ನಡುವೆ ಹಾರಿ ಬರುವ ನಮ್ಮ ಕಾಳಿಯು ಅಲ್ಲಿ ಹರವಾಗಿ, ನಿಧಾನವಾಗಿ, ಭರತ ಬಂದಾಗ ಹಿಂದಕ್ಕೂ ಇಳಿತ ಬಂದಾಗ ಮುಂದಕ್ಕೂ ನಡೆಯುವಳು. “ಇದು ನಮ್ಮ ನದಿಯೇ ಏನು?” ಎಂದು ತಾಯಿಯು ಎರಡು ಸಲ ಕೇಳಿದಳು.

ಸದಾಶಿವಗಡಕ್ಕೂ ಕಾರವಾರಕ್ಕೂ ನಡುವೆ ನದೀಮುಖದ ಮೇಲೆ ಸೇತುವೆಯಿದೆ. ಅಲ್ಲಿದ್ದ ಹಳೆಯ ಸೇತುವೆಯು ೨೦೨೪ನೆಯ ಆಗಸ್ಟ್ ೭ರ ನಡುರಾತ್ರಿಯಲ್ಲಿ ಕುಸಿದು, ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿದ್ದಿತು. ಚಾಲಕನನ್ನು ಮೀನುಗಾರರೂ ಪೋಲೀಸರೂ ಸೇರಿ ಬದುಕಿಸಿದರು. ಕತ್ತಲೆಯಲ್ಲಿ, ಮಳೆಗಾಲದ ನೀರಿನಲ್ಲಿ, ದೋಣಿಯನ್ನು ನೂಕಿ ಹೊರಡುವುದಕ್ಕೆ ಎಂತಹ ಎದೆ ಬೇಕೆಂಬುದನ್ನು ಆ ನೀರನ್ನು ನೋಡಿದವರೇ ಬಲ್ಲರು.

ಕಾರವಾರದ ದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. ತಮ್ಮ ಯೌವನದಲ್ಲಿ ಅವರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಕೆಲವು ಕಾಲ ಇದ್ದರು. ಆದರೆ ಈ ಕೊಲ್ಲಿಯ ಹೆಸರು ಅದಕ್ಕಿಂತ ಬಹಳ ಹಳೆಯದು. ೧೬೩೮ರಲ್ಲಿಯೇ ಇಂಗ್ಲಿಷ್ ವ್ಯಾಪಾರಿಗಳು ಮೆಣಸಿಗಾಗಿಯೂ ನವಿರು ಬಟ್ಟೆಗಾಗಿಯೂ ಇಲ್ಲಿ ಕೋಠಿಯನ್ನು ತೆರೆದರು. ದಕ್ಷಿಣಕ್ಕೆ ಕಡಲಿಗೆ ಚಾಚಿದ ಗುಡ್ಡ, ಎದುರಿಗೆ ಕೂರ್ಮಗಡ, ದೇವಗಡ ಮುಂತಾದ ನಡುಗಡ್ಡೆಗಳು. ಇವುಗಳ ಮರೆಯಲ್ಲಿ ಹಡಗುಗಳಿಗೆ ಮಳೆಗಾಲದಲ್ಲಿಯೂ ಆಸರೆ. ದೇವಗಡದ ದೀಪಸ್ತಂಭವು ೧೮೬೪ರಿಂದ ಬೆಳಕು ತೋರಿಸುತ್ತ ಬಂದಿದೆ.

ಈ ಬಂದರದ ಭಾಗ್ಯವು ಒಮ್ಮೆ ಏರಿ ಒಮ್ಮೆ ಇಳಿಯುತ್ತ ಬಂದುದು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಮೊದಲಾಗಿ ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬರದಾಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದಿತು. ಆ ಹತ್ತಿಯನ್ನು ಕಡಲಿಗೆ ಇಳಿಸಲು ಒಂದು ಬಂದರ ಬೇಕಾಯಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಘಟ್ಟದ ರಸ್ತೆಗಳನ್ನು ಕಡಿದರು. ಕಾರವಾರವು ಎರಡನೆಯ ಮುಂಬಯಿಯಾಗುವುದೆಂದು ಹಲವರು ಎಣಿಸಿದರು. ಆದರೆ ೧೮೮೦ರ ದಶಕದಲ್ಲಿ ರೈಲುಮಾರ್ಗವು ಕ್ಯಾಸಲ್‌ರಾಕಿನ ಮೇಲಿಂದ ಗೋವೆಯ ಮುರ್ಗಾಂವಿಗೆ ಇಳಿಯಿತು. ಹತ್ತಿಯೂ ಅದರ ಹಿಂದೆಯೇ ಹೋಯಿತು. ದೂರದ ದೇಶದ ಯುದ್ಧವೊಂದು ನಮ್ಮ ಜಿಲ್ಲೆಯ ಗಡಿಯನ್ನೇ ಬದಲಿಸಿತೆಂದರೆ, ಕಡಲು ಎಷ್ಟು ದೂರದವರನ್ನು ಎಷ್ಟು ಹತ್ತಿರ ತರುವುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ನಾವು ದಂಡೆಗೆ ತಲಪಿದಾಗ ಸಂಜೆ ನಾಲ್ಕು ಗಂಟೆ. ಬೈತಖೋಲದ ಕಡೆ, ಬಂದರದ ಧಕ್ಕೆಗೆ ಹತ್ತಿ ಒಂದು ಹಡಗು ನಿಂತಿದ್ದಿತು. ಇನ್ನೊಂದು ದೂರದಲ್ಲಿ ಲಂಗರು ಹಾಕಿ ನಿಂತಿದ್ದಿತು. ಹುಡುಗನ ಕಣ್ಣು ಅವೆರಡನ್ನು ಬಿಟ್ಟು ಕದಲಲಿಲ್ಲ. ತಾಯಿಯು ಮಾತ್ರ ಸೆರಗನ್ನು ಬಿಗಿದುಕೊಂಡು, “ಅದರಲ್ಲಿ ಮನುಷ್ಯರೇ ಕಾಣುವುದಿಲ್ಲವಲ್ಲ!” ಎಂದಳು.

ಅವಳ ಮಾತು ನಿಜ. ದಡದಿಂದ ನೋಡುವವನಿಗೆ ಹಡಗೆಂಬುದು ಒಂದು ತೇಲುವ ಗೋಡೆ. ಆದರೆ ಓದಲು ಬಲ್ಲವನಿಗೆ ಆ ಗೋಡೆಯು ಬಹಳ ಹೇಳುತ್ತದೆ. ಮಕ್ಕಳೊಡನೆ ಕಡಲ ತೀರಕ್ಕೆ ಹೋಗುವ ಗೃಹಸ್ಥರಿಗೆ ಉಪಯೋಗವಾದೀತೆಂದು ಅದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು, ದೂರ. ನೀರಿನ ಅಂಚಿನಲ್ಲಿ ನಿಂತ ಮನುಷ್ಯನಿಗೆ ದಿಗಂತವು ನಾಲ್ಕೂವರೆ ಕಿಲೋಮೀಟರಿನಷ್ಟೇ ದೂರ. ಅದರಾಚೆಗೆ ಭೂಮಿಯ ಗುಂಡು ಮೈ ನೀರನ್ನು ಬಾಗಿಸಿ ಮರೆಮಾಡುವುದು. ಮೂವತ್ತು ಮೀಟರು ಎತ್ತರದ ಹಡಗಾದರೆ ಅದರ ತುದಿಯು ಸುಮಾರು ಇಪ್ಪತ್ತನಾಲ್ಕು ಕಿಲೋಮೀಟರಿನಿಂದಲೇ ಕಾಣಬಹುದು. ಆದುದರಿಂದ ದೂರ ಹೋಗುವ ಹಡಗಿನ ಒಡಲು ಮೊದಲು ಮುಳುಗಿ, ತಲೆಯು ಕೊನೆಗೆ ಮುಳುಗುವುದು. ಭೂಮಿಯು ಗುಂಡಗಿದೆಯೆಂದು ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಹುಡುಗನಿಗೆ ಇದನ್ನೊಮ್ಮೆ ತೋರಿಸಿದರೆ ಅವನು ಜೀವಮಾನದಲ್ಲಿ ಮರೆಯುವುದಿಲ್ಲ.

ಎರಡನೆಯದು, ಬಣ್ಣ. ಹಡಗಿನ ಕೆಳಭಾಗಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ ಬಳಿದಿರುವರು. ಕೆಂಪು ಬಹಳ ಕಂಡರೆ ಹೊಟ್ಟೆ ಖಾಲಿ. ಕೆಂಪು ಕಾಣದಿದ್ದರೆ ಹೊಟ್ಟೆ ತುಂಬಿದೆ. ಪಕ್ಕದಲ್ಲಿ ಒಂದು ವೃತ್ತ, ಅದರ ನಡುವೆ ಒಂದು ಗೆರೆ, ಬದಿಗೆ ಏಣಿಯಂತಹ ಗುರುತುಗಳು ಇರುವುವು. ಅದಕ್ಕಿಂತ ಕೆಳಗೆ ಹಡಗು ಕೂರುವಂತೆ ಸರಕು ಹೇರಕೂಡದು. ಈ ಗೆರೆಯ ಹಿಂದೆ ಒಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೆಲವು ಮಾಲಿಕರು ಮುರುಕು ಹಡಗುಗಳಿಗೆ ಮಿತಿಮೀರಿ ಹೇರಿ, ಮುಳುಗಿದರೆ ವಿಮೆಯ ಹಣ ಬರುವುದೆಂದು ನಿಶ್ಚಿಂತರಾಗಿರುತ್ತಿದ್ದರು. ಮುಳುಗುವವರು ಮಾತ್ರ ನಾವಿಕರು. ಸ್ಯಾಮ್ಯುಅಲ್ ಪ್ಲಿಮ್‌ಸಾಲ್ ಎಂಬ ಪಾರ್ಲಿಮೆಂಟಿನ ಸದಸ್ಯನು ಹಟ ಹಿಡಿದು ಹೋರಾಡಿ, ೧೮೭೬ರಲ್ಲಿ ಈ ಗೆರೆಯನ್ನು ಕಾಯದೆಯಲ್ಲಿ ಸೇರಿಸಿದನು. ಇಂದಿಗೂ ಆ ಗೆರೆಗೆ ಅವನದೇ ಹೆಸರು. ಹಡಗಿನ ಪಕ್ಕದಲ್ಲಿ ಕಾಣುವ ಒಂದು ಗೇಣಿನ ಗೆರೆಯು ಎಷ್ಟೋ ತಾಯಂದಿರ ಕಣ್ಣೀರನ್ನು ತಡೆದ ಗೆರೆಯೆಂದು ತಿಳಿಯಬೇಕು.

ಮೂರನೆಯದು, ದೀಪ. ಕತ್ತಲಾದ ಮೇಲೆ ಚಲಿಸುವ ಹಡಗು ಎಡಕ್ಕೆ ಕೆಂಪು, ಬಲಕ್ಕೆ ಹಸುರು ದೀಪವನ್ನು ಉರಿಸುವುದು. ದಡದವನಿಗೆ ಎರಡೂ ದೀಪಗಳು ಒಟ್ಟಿಗೆ ಕಂಡರೆ ಹಡಗು ನೇರವಾಗಿ ಅವನ ಕಡೆಗೆ ಬರುತ್ತಿದೆಯೆಂದು ಅರ್ಥ. ಹಡಗು ನಡೆಸುವ ಕೆಲಸಕ್ಕೆ ಸೇರುವವರ ಕಣ್ಣನ್ನು ಪರೀಕ್ಷಿಸುವಾಗ ಬಣ್ಣಗಳ ಭೇದ ತಿಳಿಯುವುದೋ ಇಲ್ಲವೋ ಎಂದು ನೋಡುವುದು ಈ ಕಾರಣದಿಂದಲೇ.

ಧಕ್ಕೆಗೆ ಹತ್ತಿದ್ದ ಹಡಗಿನಲ್ಲಿ ಏನು ಬಂದಿದೆಯೆಂದು ಅಲ್ಲಿ ಕೆಲಸ ಮಾಡುವವನೊಬ್ಬನನ್ನು ಕೇಳಿದೆವು. “ಡಾಮರು ಸಾಹೇಬರೆ” ಎಂದನು. ಡಾಮರು ಗಟ್ಟಿಯಾಗದಂತೆ ನೂರು ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಅದನ್ನು ಹೊತ್ತು ತರಬೇಕು. ನಾವು ಆ ದಿನ ಬೆಳಿಗ್ಗೆ ಇಳಿದು ಬಂದ ಘಟ್ಟದ ರಸ್ತೆಗೆ ಹಾಸಿದುದೂ ಡಾಮರೇ ಅಲ್ಲವೆ? ಲೋಕದ ವ್ಯಾಪಾರದ ಸರಕಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚಾದುದು ಹಡಗಿನಲ್ಲಿ ನಡೆಯುವುದೆಂದು ಬಲ್ಲವರು ಎಣಿಸಿದ್ದಾರೆ. ನಮ್ಮ ಅಡಿಗೆಮನೆಯ ಎಣ್ಣೆ, ಒಲೆಯ ಅನಿಲ, ಗದ್ದೆಯ ಗೊಬ್ಬರ, ಕೈಯ ಫೋನು ಇವುಗಳಲ್ಲಿ ಕಡಲು ಕಾಣದುದು ಬಹಳ ಸ್ವಲ್ಪ. ಕಾಡಿನೂರಿನವರಾದ ನಮಗೆ ಕಡಲು ದೂರವೆನ್ನುವುದು ಬರಿಯ ಭ್ರಾಂತಿ.

ಹೀಗೆ ನಾವು ಉಪದೇಶ ಮಾಡುತ್ತಿರುವಾಗ ಹುಡುಗನು ತಡೆದು, “ಕಾಕಾ, ಒಂದು ಹಡಗಿನಲ್ಲಿ ಎಷ್ಟು ಮಂದಿ ಇರುತ್ತಾರೆ?” ಎಂದು ಕೇಳಿದನು. ದೊಡ್ಡ ಸರಕಿನ ಹಡಗಿನಲ್ಲಿಯೂ ಇಪ್ಪತ್ತು ಇಪ್ಪತ್ತೈದು ಮಂದಿಗಿಂತ ಹೆಚ್ಚಿರುವುದಿಲ್ಲವೆಂದೆವು. ತಾಯಿಯು, “ಅವರಿಗೆ ಏನಾದರೂ ಆದರೆ?” ಎಂದಳು.

ಇದಕ್ಕೆ ಸುಳ್ಳು ಹೇಳುವುದು ಉಚಿತವೆಂದು ನಮಗೆ ತೋರಲಿಲ್ಲ. ಇದೇ ಕಡಲಿನಲ್ಲಿ, ಕಾರವಾರದಿಂದ ಸುಮಾರು ೫೦ ನಾವಿಕ ಮೈಲುಗಳಾಚೆ, ೨೦೨೪ನೆಯ ಜುಲೈ ೧೯ರಂದು ‘ಮೇರ್ಸ್ಕ್ ಫ್ರಾಂಕ್‌ಫರ್ಟ್’ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಗುಜರಾಥದ ಮುಂದ್ರಾದಿಂದ ಕೊಲಂಬೋಕ್ಕೆ ಹೊರಟಿದ್ದ ಆ ಹಡಗಿನ ಪೆಟ್ಟಿಗೆಗಳಲ್ಲಿ ಅಪಾಯಕರವಾದ ಸರಕೂ ಇದ್ದಿತು. ಮಳೆಗಾಲದ ಒರಟು ಕಡಲಿನಲ್ಲಿ ನಮ್ಮ ಕರಾವಳಿ ರಕ್ಷಕದಳದ ಹಡಗುಗಳು ದಿನಗಟ್ಟಲೆ ನೀರು ಹೊಡೆದು ಬೆಂಕಿಯೊಡನೆ ಹೆಣಗಿದುವು. ಫಿಲಿಪೀನ್ಸ್ ದೇಶದ ನಾವಿಕನೊಬ್ಬನು ತೀರಿಹೋದನು. ಅವನ ಮನೆಯವರು ನಮ್ಮ ಕಾರವಾರದ ಹೆಸರನ್ನು ಮೊದಲ ಸಲ ಕೇಳಿದುದು ಆ ಸುದ್ದಿಯೊಡನೆ ಇದ್ದೀತು. ನಮ್ಮ ದೇಶದಿಂದ ಎರಡೂವರೆ ಲಕ್ಷಕ್ಕೂ ಮಿಕ್ಕಿ ಮಂದಿ ಇಂದು ಹಡಗುಗಳಲ್ಲಿ ದುಡಿಯುತ್ತಾರೆ. ೨೦೨೦ರಲ್ಲಿ ಕೊರೋನಾ ಬೇನೆಯ ದೆಸೆಯಿಂದ ಬಂದರಗಳು ಮುಚ್ಚಿದಾಗ ಲೋಕದಲ್ಲಿ ಸುಮಾರು ನಾಲ್ಕು ಲಕ್ಷ ನಾವಿಕರು ಕರಾರು ಮುಗಿದ ಮೇಲೂ ಇಳಿಯಲಾರದೆ ಹಡಗಿನಲ್ಲಿಯೇ ಉಳಿದರು. ನಾವೆಲ್ಲರೂ ಮನೆಯೊಳಗೆ ಸುರಕ್ಷಿತರಾಗಿದ್ದಾಗ ನಮ್ಮ ಅಗತ್ಯದ ಸರಕನ್ನು ತಂದವರಲ್ಲಿ ಅವರೂ ಸೇರಿದ್ದರು.

ಇಷ್ಟನ್ನು ಕೇಳಿ ತಾಯಿಯ ಮುಖ ಕಂದಿತು. ಹುಡುಗನ ಮುಖವೂ ಬಿಗಿಯಿತು. ಮಾತು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಸ್ವಲ್ಪ ಆಚೆಗೆ ಮೀನುಗಾರರು ಏಂಡಿ ಬಲೆಯನ್ನು ಎಳೆಯಹತ್ತಿದರು. ನಾವು ಅತ್ತ ನಡೆದೆವು.

ಏಂಡಿ ಬಲೆಯನ್ನು ಎಳೆಯುವುದು ನೋಡತಕ್ಕ ನೋಟ. ದೋಣಿಯಲ್ಲಿ ಬಲೆಯನ್ನು ಒಯ್ದು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡೂ ಕೊನೆಗಳ ಹಗ್ಗವನ್ನು ದಡದಲ್ಲಿ ಎರಡು ಸಾಲಾಗಿ ನಿಂತು ಎಳೆಯುವರು. ಹಿಂದಿನ ಕಾಲದ ರಂಪಣಿ ಬಲೆಯಾದರೆ ಇದಕ್ಕಿಂತಲೂ ಬಹಳ ದೊಡ್ಡದು. ಹತ್ತಾರು ಕುಟುಂಬಗಳು ಕೂಡಿಯೇ ಅದನ್ನು ಎಳೆಯಬೇಕಾಗುತ್ತಿದ್ದಿತು, ಬಂದುದನ್ನು ಕೂಡಿಯೇ ಹಂಚಿಕೊಳ್ಳಬೇಕಾಗುತ್ತಿದ್ದಿತು. ೧೯೭೦ರ ದಶಕದ ನಡುವಿನಲ್ಲಿ ಯಂತ್ರದ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿಯ ಕಾಲ ಇಳಿಯುತ್ತ ಹೋಯಿತು. ಆ ದಿನ ಬಲೆಯಲ್ಲಿ ಬಂದುದು ಎರಡು ಬುಟ್ಟಿ ತಾರ್ಲೆ, ನಾಲ್ಕಾರು ಬಂಗಡೆ, ಉಳಿದುದು ಪುಡಿಮೀನು. ಎಳೆದವರು ಮೂವತ್ತು ಮಂದಿ.

ಬುಟ್ಟಿಯನ್ನಿಟ್ಟುಕೊಂಡು ಕಾಯುತ್ತಿದ್ದ ಮುದುಕಿಯೊಬ್ಬಳು ನಮ್ಮ ಗುಂಪನ್ನು ಕಂಡು, ಕೊಂಕಣಿ ಬೆರೆತ ಕನ್ನಡದಲ್ಲಿ, “ಎಲ್ಲಿಯವರು ಬಾಯಿ?” ಎಂದು ತಾಯಿಯನ್ನು ಮಾತಾಡಿಸಿದಳು. ದಾಂಡೇಲಿಯವರೆಂದ ಮೇಲೆ ಮಾತು ಬೆಳೆಯಿತು. ಹೆಂಗಸರು ಎರಡು ನಿಮಿಷದಲ್ಲಿ ಒಬ್ಬರ ಮನೆಯ ಕಷ್ಟವನ್ನು ಇನ್ನೊಬ್ಬರು ತಿಳಿದುಕೊಳ್ಳುವುದು ಹೇಗೆಂಬುದು ಗಂಡಸರಿಗೆ ಎಂದೂ ಅರ್ಥವಾಗದ ವಿದ್ಯೆ. ಮುದುಕಿಯ ಗಂಡನು ಕಡಲಿನಿಂದ ತಿರುಗಿ ಬರದೆ ಬಹಳ ಕಾಲವಾಗಿದೆ. ಇಬ್ಬರು ಮಕ್ಕಳು ಬೋಟಿಗೆ ಹೋಗುವರು.

ನೆರೆಯ ತಾಯಿಯು ತಡೆಯಲಾರದೆ ಕೇಳಿಬಿಟ್ಟಳು: “ಗಂಡನನ್ನು ಕಳೆದುಕೊಂಡ ಮೇಲೂ ಮಕ್ಕಳನ್ನು ಕಳಿಸುವಿರಲ್ಲ, ಹೆದರಿಕೆಯಾಗುವುದಿಲ್ಲವೆ?”

ಮುದುಕಿಯು ನಗಲಿಲ್ಲ. “ಹೆದರಿಕೆ ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ ತಂಗೀ. ದಿನಾ ಹೆದರಿಕೆ. ಆದರೆ ಹೆದರಿಕೆಗೆ ಒಂದು ಲೆಕ್ಕ ಬೇಕು. ನಾನು ಮಕ್ಕಳನ್ನು ಕಳಿಸುವ ಮೊದಲು ಮೂರು ಮಾತು ಕೇಳುತ್ತೇನೆ. ಬೋಟು ಯಾರದು? ತಾಂಡೇಲ ಯಾರು? ತಿರುಗಿ ಬರುವುದು ಎಂದು? ಈ ಮೂರಕ್ಕೆ ಸರಿಯಾದ ಉತ್ತರ ಬಂದರೆ ಕಳಿಸುತ್ತೇನೆ. ಒಂದಕ್ಕೆ ಬಾರದಿದ್ದರೂ ಇಲ್ಲ. ಆಮೇಲಿನದು ಅವನಿಗೆ ಬಿಟ್ಟದ್ದು” ಎಂದು ಆಕಾಶದ ಕಡೆಗೆ ಕೈ ತೋರಿದಳು. ಆರು ಲಕ್ಷದ ಸಂಗತಿಯನ್ನು ಕೇಳಿದಾಗ ಮಾತ್ರ ಅವಳ ಹುಬ್ಬು ಗಂಟಿಕ್ಕಿತು. “ದುಡಿಯಲು ಹೋಗುವವನೇ ದುಡ್ಡು ಕೊಡುವುದೆ? ನಮ್ಮಲ್ಲಿ ತಾಂಡೇಲನು ಬೇಕಾದ ಆಳಿಗೆ ಮುಂಗಡ ಕೊಟ್ಟು ಕರೆಯುತ್ತಾನೆ. ನಿಮ್ಮ ತಾಂಡೇಲ ತಾನೇ ತೆಗೆದುಕೊಳ್ಳುತ್ತಾನಲ್ಲ!”

ನಾವು ಪುಸ್ತಕ ಪತ್ರಿಕೆಗಳನ್ನು ತಿರುವಿ ಹುಡುಕುತ್ತಿದ್ದ ಉತ್ತರವನ್ನು ಆ ಮುದುಕಿಯು ಮೀನಿನ ಬುಟ್ಟಿಯ ಬದಿಯಲ್ಲಿ ಕುಳಿತು ಹೇಳಿಬಿಟ್ಟಳು. ಊರಿಗೆ ಬಂದ ಮೇಲೆ ಅವಳ ಮೂರು ಪ್ರಶ್ನೆಗಳನ್ನೇ ಹಿಡಿದುಕೊಂಡು ನಾವು ವಿಚಾರಿಸತೊಡಗಿದೆವು. ಮಕ್ಕಳನ್ನು ಹಡಗಿಗೆ ಕಳಿಸಬೇಕೆಂದಿರುವ ಮನೆಗಳವರಿಗೆ ಉಪಯೋಗವಾಗಲೆಂದು ತಿಳಿದುಬಂದುದನ್ನು ಇಲ್ಲಿ ಕೊಡುತ್ತೇವೆ.

ಬೋಟು ಯಾರದು? ಪ್ರತಿಯೊಂದು ದೊಡ್ಡ ಹಡಗಿಗೂ ಏಳು ಅಂಕಿಗಳ ಒಂದು ಅಂತರರಾಷ್ಟ್ರೀಯ ಸಂಖ್ಯೆಯುಂಟು. ಹಡಗಿನ ಹೆಸರು ಬದಲಾಗಬಹುದು, ಬಾವುಟ ಬದಲಾಗಬಹುದು, ಮಾಲಿಕನು ಬದಲಾಗಬಹುದು. ಆ ಸಂಖ್ಯೆ ಮಾತ್ರ ಹಡಗು ಒಡೆದು ಮಾರುವವರೆಗೆ ಬದಲಾಗದು. ಯಾವ ಹಡಗು ಎಂದು ಕೇಳಿದಾಗ ಹೆಸರನ್ನೂ ಈ ಸಂಖ್ಯೆಯನ್ನೂ ಬರೆದುಕೊಡಲಾರದವನು ನಂಬತಕ್ಕವನಲ್ಲ. ಸಂಬಳ ಕೊಡದೆ, ಅನ್ನ ನೀರು ಒದಗಿಸದೆ, ಮಾಲಿಕರು ಹಡಗನ್ನೂ ಜನರನ್ನೂ ಪರದೇಶದ ಬಂದರದಲ್ಲಿ ಬಿಟ್ಟುಬಿಡುವುದುಂಟು. ೨೦೨೪ರಲ್ಲಿ ಹೀಗೆ ಕೈಬಿಡಲ್ಪಟ್ಟ ನಾವಿಕರು ಲೋಕದಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ್ದರೆಂದು ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಸಂಘವು ಲೆಕ್ಕ ಮಾಡಿದೆ. ಅವರಲ್ಲಿ ನಮ್ಮ ದೇಶದವರೂ ಬಹಳ ಮಂದಿ.

ತಾಂಡೇಲ ಯಾರು? ಅಂದರೆ ಕೆಲಸಕ್ಕೆ ಸೇರಿಸುವವನು ಯಾರು? ನಮ್ಮ ದೇಶದಲ್ಲಿ ನಾವಿಕರನ್ನು ಹಡಗಿಗೆ ಕಳಿಸುವವರು ಮುಂಬಯಿಯಲ್ಲಿರುವ ನೌಕಾಯಾನದ ಮಹಾನಿರ್ದೇಶಕರ ಕಚೇರಿಯಿಂದ ಪರವಾನಗಿ ಪಡೆದಿರಬೇಕು. ಪರವಾನಗಿ ಪಡೆದವರ ಯಾದಿಯು ಆ ಕಚೇರಿಯ ಜಾಲತಾಣದಲ್ಲಿ ಯಾರಿಗೂ ನೋಡಲು ಸಿಗುವುದು. ಇನ್ನು ಮುಖ್ಯವಾದ ಮಾತು: ೨೦೦೬ರ ನಾವಿಕ ಶ್ರಮಿಕರ ಒಡಂಬಡಿಕೆಯು ೨೦೧೩ರಲ್ಲಿ ಜಾರಿಗೆ ಬಂದಿತು, ಭಾರತವು ೨೦೧೫ರಲ್ಲಿ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ ಕೆಲಸ ಕೊಡಿಸಿದುದಕ್ಕಾಗಿ ನಾವಿಕನಿಂದ ಒಂದು ಕಾಸನ್ನೂ ತೆಗೆದುಕೊಳ್ಳಕೂಡದು. ವೈದ್ಯರ ಪ್ರಮಾಣಪತ್ರ, ನಾವಿಕನ ಪುಸ್ತಕ, ಪಾಸ್‌ಪೋರ್ಟು ಇವುಗಳ ವೆಚ್ಚ ಮಾತ್ರ ಅವನದಾಗಬಹುದು. ಮುದುಕಿಯು ಹೇಳಿದ ಧರ್ಮವೇ ಕಾಯದೆಯಲ್ಲಿಯೂ ಇರುವುದನ್ನು ಕಂಡು ನಮಗೆ ಆಶ್ಚರ್ಯವಾಯಿತು.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಕಲಿಕೆಯ ಶುಲ್ಕ ಬೇರೆ, ಕೆಲಸದ ಲಂಚ ಬೇರೆ. ಹಡಗಿನ ಅಧಿಕಾರಿಯಾಗಬೇಕೆನ್ನುವವನು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿ ನೂರಕ್ಕೆ ಅರವತ್ತು ಗುಣಗಳನ್ನು ಪಡೆದಿರಬೇಕು, ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕೂಡಬೇಕು, ಆಮೇಲೆ ತರಬೇತಿ. ಹತ್ತನೆಯ ತರಗತಿ ಮುಗಿಸಿದವರಿಗೆ ಖಲಾಸಿಯ ದರ್ಜೆಯ ಆರು ತಿಂಗಳ ತರಬೇತಿಯೂ ಉಂಟು. ಈ ಕಲಿಕೆಗಳಿಗೆ ಹಣ ಬೀಳುವುದು ನಿಜ, ಅದು ಅಲ್ಪವೂ ಅಲ್ಲ. ಆದರೆ ಅದಕ್ಕೆ ರಸೀದಿಯುಂಟು, ಶಾಲೆಯ ಕಟ್ಟಡವುಂಟು, ಬ್ಯಾಂಕಿನ ಸಾಲಕ್ಕೆ ದಾರಿಯುಂಟು. ಫೋನಿನಲ್ಲಿ ಕೇಳುವ ಆರು ಲಕ್ಷಕ್ಕೆ ಇವು ಯಾವುವೂ ಇಲ್ಲ.

ತಿರುಗಿ ಬರುವುದು ಎಂದು? ಕರಾರಿನಲ್ಲಿ ಎಷ್ಟು ತಿಂಗಳೆಂದು ಬರೆದಿರಬೇಕು. ಮೇಲೆ ಹೇಳಿದ ಒಡಂಬಡಿಕೆಯಂತೆ ನಾವಿಕನನ್ನು ಹನ್ನೆರಡು ತಿಂಗಳು ತುಂಬುವುದರೊಳಗಾಗಿ ಮನೆಗೆ ಕಳಿಸಬೇಕು. ಬರುವ ವೆಚ್ಚವು ಹಡಗಿನವರದು. ಸಂಬಳವೆಷ್ಟು, ಅದರಲ್ಲಿ ಮನೆಗೆ ಎಷ್ಟು ಬರುವುದು, ಬೇನೆ ಬಿದ್ದರೆ ಯಾರು ನೋಡುವರು ಎಂಬುದೆಲ್ಲ ಆ ಕಾಗದದಲ್ಲಿಯೇ ಇರಬೇಕು. ಅದರ ಒಂದು ಪ್ರತಿಯು ತಾಯಿಯ ಪೆಟ್ಟಿಗೆಯಲ್ಲಿರಬೇಕು.

ಈ ಮೂರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಹುಡುಗನ ಕೈಯಲ್ಲಿ ಕೊಟ್ಟು, ಆ ದಲ್ಲಾಳಿಯನ್ನು ನೀನೇ ಕೇಳೆಂದೆವು. ಹುಡುಗನು ನಮ್ಮೆದುರಿನಲ್ಲಿಯೇ ಫೋನು ಮಾಡಿದನು. ಮೊದಲನೆಯದಕ್ಕೆ ಅವನು ನಕ್ಕನು. ಎರಡನೆಯದಕ್ಕೆ, “ನಂಬಿಕೆಯಿಲ್ಲದಿದ್ದರೆ ಬಿಡಿರಿ, ಬೇರೆಯವರು ಕಾಯುತ್ತಿದ್ದಾರೆ” ಎಂದನು. ಮೂರನೆಯದನ್ನು ಕೇಳುವುದರೊಳಗಾಗಿ ಫೋನು ಕಡಿದುಹೋಯಿತು. ಆಮೇಲೆ ಅದು ಹತ್ತಲೇ ಇಲ್ಲ.

ಐವತ್ತು ಸಾವಿರವು ತಿರುಗಿ ಬಂದಿತೆಂದು ಬರೆಯುವ ಸಂತೋಷ ನಮಗಿಲ್ಲ. ಪೋಲೀಸರಲ್ಲಿ ದೂರು ಕೊಟ್ಟದ್ದಾಗಿದೆ. ಅಷ್ಟು ಹಣವನ್ನು ಹೊಲಿಗೆಯ ಯಂತ್ರದ ಮುಂದೆ ಕುಳಿತು ಕೂಡಿಸಲು ಆ ತಾಯಿಗೆ ಎಷ್ಟು ರಾತ್ರಿಗಳು ಬೇಕಾದುವೆಂಬುದು ಅವಳಿಗೇ ಗೊತ್ತು. ಆದರೆ ಜಾಗೆಯು ಉಳಿಯಿತು. ಹುಡುಗನು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಗಣಿತದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದನು. ಮುಂದಿನ ಪ್ರವೇಶ ಪರೀಕ್ಷೆಗೆ ಕೂಡುವನಂತೆ. ಕಣ್ಣಿನ ಪರೀಕ್ಷೆಯನ್ನು ಈಗಲೇ ಮಾಡಿಸಿಕೊಂಡಿದ್ದಾನೆ; ಕೆಂಪು ಹಸುರುಗಳು ಅವನಿಗೆ ಸರಿಯಾಗಿ ಕಾಣುತ್ತವೆ.

ತಾಯಿಯ ಭಯವು ಹೋಯಿತೆ ಎಂದು ವಾಚಕರು ಕೇಳಬಹುದು. ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ. ಮೊನ್ನೆ ಸಂಜೆ ನಾವು ನದಿಯ ಕಡೆ ಅಡ್ಡಾಡಲು ಹೋದಾಗ ಅವಳೂ ಬಂದಿದ್ದಳು. ಮೇಲಿನ ಕಟ್ಟೆಯಿಂದ ನೀರು ಬಿಟ್ಟಿದ್ದರು. ಕಾಳಿಯು ತುಂಬಿ ಹರಿಯುತ್ತಿದ್ದಳು. ಬಹಳ ಹೊತ್ತು ನೋಡುತ್ತ ನಿಂತು ಅವಳು, “ಈ ನೀರು ಆ ಅಜ್ಜಿಯ ಊರಿಗೆ ಎಂದು ಮುಟ್ಟೀತು ಅಣ್ಣಾವರೆ?” ಎಂದು ಕೇಳಿದಳು. ನಡುವೆ ಮೂರು ಕಟ್ಟೆಗಳಿವೆ, ತಡವಾದೀತೆಂದೆವು.

“ತಡವಾದರೆ ಆಗಲಿ, ಮುಟ್ಟಿದರೆ ಸಾಕು” ಎಂದು ಅವಳು ಮನೆಯ ಕಡೆಗೆ ತಿರುಗಿದಳು.